ತಕರಾರಿಲ್ಲದ ಜಾಗ

ಪ್ರೇಮನಾಥನ ಜಾಗದ ಮೇಲೆ ಯಾರ ತಕರಾರೂ ಇರಲಿಲ್ಲ. ತಕರಾರು ಇಲ್ಲವೆಂದು ಬರೆಸಿಕೊಳ್ಳಲು ಅವನೇ ಹೊರಟ ಮೇಲೆ ಎಲ್ಲವೂ ಶುರುವಾಯಿತು. ಸುಮ್ಮನೆ ಇದ್ದವನು ಸುಮ್ಮನೆ ಇರಬಾರದಿತ್ತೇ? ಇರಲಾರದವನು ಇರುವೆ ಬಿಟ್ಟುಕೊಂಡ ಎಂದು ಹಿರಿಯರು ಹೇಳಿದ್ದು ಇಂಥವರನ್ನು ಕಂಡೇ ಇರಬೇಕು.

ಬೋವಿಕಾನ ಪೇಟೆಯಿಂದ ಸ್ವಲ್ಪ ದೂರದಲ್ಲಿ, ಮುರಕಲ್ಲಿನ ಗುಡ್ಡೆಯ ಬದಿಗೆ, ರಸ್ತೆಯಿಂದ ಒಳಕ್ಕೆ ಸಾಲಾಗಿ ನಾಲ್ಕು ಮನೆಗಳು. ರಸ್ತೆಯ ಅಂಚಿನಲ್ಲಿ ಒಂದು ಕಾಸರಕನ ಮರ, ಅದರ ಬುಡದಲ್ಲಿ ಗುಳಿಗ ದೈವದ ಕಲ್ಲು, ಸುತ್ತ ಖಾಲಿ ಜಾಗ. ಅದರಾಚೆ ದಿನಸಿ ಅಂಗಡಿಯ ಮಮ್ಮುಂಞಿಯ ಮನೆ, ಆಮೇಲೆ ನಿವೃತ್ತ ಮಾಸ್ತರ ಪುರುಷೋತ್ತಮನದು, ಆಮೇಲೆ ಮಗನನ್ನು ಶಾರ್ಜಾಕ್ಕೆ ಕಳಿಸಿ ಒಬ್ಬಳೇ ಇರುವ ಹಲೀಮಾಳದು, ಎಲ್ಲಕ್ಕಿಂತ ಕೊನೆಗೆ ಪ್ರೇಮನಾಥನದು. ಅಲ್ಲಿಂದಾಚೆ ಸರಕಾರದ ಪುರಂಬೋಕು ಗುಡ್ಡೆ. ಪುರುಷೋತ್ತಮನ ಆಡುಗಳು ಅಲ್ಲಿಗೆ ಮೇಯಲು ಹೋದರೆ ಪ್ರೇಮನಾಥ ಅಂಗಳದಲ್ಲಿ ನಿಂತು, "ಮಾಸ್ಟ್ರೇ, ಅದು ಸರಕಾರದ ಸೊತ್ತು! ನಿಮ್ಮ ಅಜ್ಜನದ್ದಲ್ಲ!" ಎಂದು ಬೊಬ್ಬೆ ಹೊಡೆಯುತ್ತಿದ್ದ.

ಅವನ ಸ್ವಭಾವವೇ ಹಾಗೆ. ಮುಳ್ಳೇರಿಯ ಲೈನಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಟಿಕೆಟು ಕೊಳ್ಳದೆ ಕೂತ ಸ್ವಂತ ಭಾವನನ್ನು ಚೆರ್ಕಳದ ತಿರುವಿನಲ್ಲಿ ಇಳಿಸಿ ಡಬಲ್ ಬೆಲ್ ಹೊಡೆದವನು. ಆ ಭಾವ ಇವತ್ತಿಗೂ ಅವನ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಹೆಂಡತಿ ಮೋಹಿನಿ ಮದುವೆಯಾದಂದಿನಿಂದ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತು ಸಾಕಾಗಿದ್ದಳು. ಈ ಮನೆಯ ಹೊಸ್ತಿಲು ದಾಟಿದ ದಿನ, "ಇನ್ನು ನನ್ನನ್ನು ಇಲ್ಲಿಂದ ನಾಲ್ಕು ಜನ ಹೊತ್ತುಕೊಂಡೇ ಹೋಗಬೇಕು" ಎಂದಿದ್ದಳು. ಅವರಿಬ್ಬರ ಬದುಕಿನ ಗಳಿಕೆ ಎಂದರೆ ಈ ಮನೆ, ಇನ್ನೇನೂ ಇಲ್ಲ.

ಅಂದು ಸಂಕ್ರಮಣ. ಪ್ರೇಮನಾಥ ಬೆಳಿಗ್ಗೆಯೇ ಗುಳಿಗನ ಕಲ್ಲಿಗೆ ದೀಪವಿಟ್ಟು, ಎಳನೀರ ಬೊಂಡ ಒಡೆದು, ಕೈಮುಗಿದು ಬಂದಿದ್ದ. ಗುಳಿಗನಿಗೆ ಅಲ್ಲಿ ಜಾಗ ಬಿಡಿಸಿಕೊಟ್ಟವನು ತಾನೇ ಎಂಬ ಹೆಮ್ಮೆ ಅವನಿಗೆ. ಮನೆಗೆ ಬಂದು ನೋಡಿದರೆ ಮೋಹಿನಿಯ ತಮ್ಮನ ಮಗ ವಿಜೇತ್ ಚಾ ಕುಡಿಯುತ್ತ ಕೂತಿದ್ದ. ವಿಮಾ ಕಂಪೆನಿಯೊಂದರ ಏಜೆಂಟ್.

"ಮಾವ, ನಾಳೆ ಯಾರಾದ್ರೂ ಬಂದು ಈ ಜಾಗ ನನ್ನದು ಅಂದ್ರೆ ಎಂತ ಮಾಡ್ತೀರಿ?"

"ಯಾರು ಬರುವುದು? ನೋಂದಣಿಯಾದ ಆಧಾರ ಉಂಟು, ಧನಿಗಳು ಬರೆದುಕೊಟ್ಟ ಕ್ರಯಪತ್ರ. ವರ್ಷ ವರ್ಷ ತೀರ್ವೆ ಕಟ್ಟಿದ ರಶೀದಿ ಉಂಟು."

"ಕೋರ್ಟಿಗೆ ಹೋದವರೆಲ್ಲ ಆಧಾರ ಹಿಡ್ಕೊಂಡೇ ಹೋದದ್ದು ಮಾವ."

ಪ್ರೇಮನಾಥನ ಕೈಯಲ್ಲಿದ್ದ ಚಾ ಅಲ್ಲೇ ನಿಂತಿತು. ಜೀವಕ್ಕೆ ವಿಮೆ ಇರುವ ಹಾಗೆ ಜಾಗದ ಹಕ್ಕಿಗೂ ವಿಮೆ ಉಂಟು, ಟೈಟಲ್ ಇನ್ಶೂರೆನ್ಸ್ ಅಂತ ಅದರ ಹೆಸರು, ಹಕ್ಕಿನಲ್ಲಿ ದೋಷ ಬಂದರೆ ಕಂಪೆನಿ ನಷ್ಟ ತುಂಬುತ್ತದೆ ಎಂದು ವಿಜೇತ್ ವಿವರಿಸಿದ. ಮಾಡಬೇಕಾದ್ದು ಇಷ್ಟೇ, ನೆರೆಕರೆಯವರಿಂದ ತಕರಾರಿಲ್ಲವೆಂದು ಸಹಿ. ಅದರ ಒಕ್ಕಣೆಯನ್ನು ಅವನೇ ಅಚ್ಚು ಹಾಕಿಸಿ ಕಟ್ಟು ಕಟ್ಟಾಗಿ ತಂದಿದ್ದ. "ಹೆಸರಿಸಿದವರು ಈಗ ಮನೆ ಕಟ್ಟಿ ವಾಸವಾಗಿರುವ ಜಾಗದಲ್ಲಿ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವ ಹಕ್ಕೂ ಇಲ್ಲ, ಮುಂದೆಯೂ ಕೇಳುವುದಿಲ್ಲ."

"ಇದು ಟಿಕೆಟ್ ಇದ್ದ ಹಾಗೆ!" ಎಂದ ಪ್ರೇಮನಾಥ.

ಮೋಹಿನಿ ಅಡುಗೆಮನೆಯಿಂದಲೇ ಹೇಳಿದಳು, "ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೀಬೇಡಿ."

ಕೇಳುವವನು ಯಾರು? ಅಷ್ಟರಲ್ಲಿ ಅವನು ಹಲೀಮಾಳ ಜಗಲಿಯಲ್ಲಿದ್ದ.

"ತಕರಾರಾ? ನಾನು ಯಾವಾಗ ತಕರಾರು ಮಾಡಿದೆ ಪ್ರೇಮಣ್ಣ?" ಹಲೀಮಾ ಗಾಬರಿಯಾದಳು.

"ಮಾಡಿಲ್ಲ ಹಲೀಮಕ್ಕ. ಮಾಡಿಲ್ಲ ಅಂತ ಬರೆದು ಕೊಡಿ."

"ಮಾಡದ್ದನ್ನು ಮಾಡಿಲ್ಲ ಅಂತ ಯಾಕೆ ಬರೀಬೇಕು? ನಿಮ್ಮ ಕೋಳಿ ಕದ್ದಿಲ್ಲ ನಾನು. ಅದನ್ನೂ ಬರೀಲಿಕ್ಕುಂಟಾ?"

ಹೇಳಿದಷ್ಟೂ ಅವಳ ಹೆದರಿಕೆ ಹೆಚ್ಚಿತು. ಕೊನೆಗೆ ಮಗ ನಿಯಾಸ್‌ಗೆ ಫೋನು ಹೋಯಿತು. ಶಾರ್ಜಾದಲ್ಲಿ ಕೂತವನಿಗೆ ಊರಿನ ಕಾನೂನು ಊರಿನವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. "ಉಮ್ಮಾ, ಅವರು ನಿಮಗೆ ಸಹಿ ಹಾಕಿ ಕೊಟ್ಟರೆ ನೀವು ಅವರಿಗೆ ಹಾಕಿ. ಇಲ್ಲದಿದ್ದರೆ ಬೇಡ" ಎಂದ.

ನ್ಯಾಯದ ಮಾತು. ಪ್ರೇಮನಾಥ ಇನ್ನೊಂದು ಅಚ್ಚಿನ ಕಾಗದ ತೆಗೆದು, ಹಲೀಮಾಳ ಹೆಸರು ತುಂಬಿಸಿ, ಕೆಳಗೆ ದಪ್ಪಗೆ ಸಹಿ ಹಾಕಿ ಕೊಟ್ಟ. ಅವಳು ಅದನ್ನು ಮಡಚಿ ತೊಟ್ಟ ಕುಪ್ಪಾಯದೊಳಗೆ ಇಟ್ಟುಕೊಂಡಳು. ಆಮೇಲೆ ತಾನೂ ಸಹಿ ಹಾಕಿದಳು.

ಪುರುಷೋತ್ತಮ ಮಾಸ್ತರನಿಗೆ ಸಂಗತಿ ಆಗಲೇ ಬೇಲಿಯಾಚೆಯಿಂದ ಕೇಳಿಸಿತ್ತು. "ನಿನ್ನ ಜಾಗದಲ್ಲಿ ನನಗೆ ಹಕ್ಕುಂಟು ಅಂತ ನನಗೇ ಗೊತ್ತಿರಲಿಲ್ಲ ಮಾರಾಯ. ನೀನು ಇಷ್ಟು ಅವಸರ ಮಾಡುವುದು ನೋಡಿದರೆ ಎಂತದೋ ಇರಬೇಕು."

"ಎಂತದೂ ಇಲ್ಲ ಮಾಸ್ಟ್ರೇ!"

"ಹಾಗಾದರೆ ಒಂದು ಷರತ್ತು. ಇನ್ನು ಮೇಲೆ ನನ್ನ ಆಡುಗಳು ಪುರಂಬೋಕಿಗೆ ಹೋದರೆ ನೀನು ಬಾಯಿ ತೆಗೀಬಾರದು."

ಕಾನೂನುಬಾಹಿರವಾದ ಆಡುಗಳನ್ನು ಒಪ್ಪಿಕೊಳ್ಳುವುದು ಪ್ರೇಮನಾಥನಿಗೆ ಸಂಕಟದ ವಿಷಯ. ಆದರೂ ಬೇವು ನುಂಗಿದವನಂತೆ ಹೂಂ ಎಂದ. ಇಲ್ಲಿಯೂ ಒಂದು ಸಹಿ ಕೊಟ್ಟು ಒಂದು ಸಹಿ ಪಡೆದ.

ಮಮ್ಮುಂಞಿ ಮಾತ್ರ ಪೇಟೆಯ ಅಂಗಡಿಯಲ್ಲಿದ್ದ. ಗಿರಾಕಿಗಳ ನಡುವೆ ಕಾಗದ ಚಾಚಿದರೆ, "ಕನ್ನಡಕ ಮನೆಯಲ್ಲಿ ಉಂಟು, ಓದದೆ ಸಹಿ ಹಾಕುವುದಿಲ್ಲ. ಸಂಜೆ ಬರ್ತೇನೆ" ಎಂದ. ಅಕ್ಕಿ ಕೊಳ್ಳಲು ಬಂದವರು ಕಾಗದಕ್ಕೆ ಕತ್ತು ಉದ್ದ ಮಾಡಿದರು. ಜಾಗದ ಕಾಗದ, ಸಹಿ, ಅವಸರ. ಇಷ್ಟು ಸಾಕಲ್ಲ! ಪ್ರೇಮನಾಥ ಮನೆ ಮಾರುತ್ತಾನಂತೆ ಎಂದು ಒಬ್ಬ ಹೇಳಿದ. ಮಾರಿ ಆಯಿತಂತೆ ಎಂದ ಇನ್ನೊಬ್ಬ.

ಪ್ರೇಮನಾಥ ಬಸ್ಸಿಳಿದು ಮನೆ ತಲುಪುವಾಗ ಬ್ರೋಕರ್ ಯತಿನ್ ಅಪರಿಚಿತ ಗಂಡ ಹೆಂಡತಿಯನ್ನು ಕರೆದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದ. ಆ ಹೆಂಗಸು ಮೋಹಿನಿಯ ಒಲೆಯ ಕಟ್ಟೆಗೆ ಗೇಣು ಹಾಕಿ ಅಳೆಯುತ್ತಿದ್ದಳು. "ಕಟ್ಟೆ ಒಡೆದು ಹೊಸತು ಮಾಡ್ಲಿಕ್ಕುಂಟು" ಎಂದು ಗಂಡನಿಗೆ ಹೇಳಿದಳು. ಮೋಹಿನಿ ಬಾಗಿಲಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮನೆ ಮಾರುವುದನ್ನು ಊರವರು ಬಂದು ನನಗೆ ಹೇಳಬೇಕಾ? ಒಂದು ಮಾತು ನೀವೇ ಹೇಳಬಾರದಿತ್ತಾ?"

"ಅಯ್ಯೋ ಮಾರಾಯ್ತಿ, ಮಾರುವುದಲ್ಲ, ಉಳಿಸುವುದು! ನಮ್ಮನ್ನು ಯಾರೂ ಎಬ್ಬಿಸಬಾರದು ಅಂತಲೇ ಇಷ್ಟೆಲ್ಲ!"

ಬಂದವರನ್ನು ಕಳಿಸಲು, ಹೆಂಡತಿಯನ್ನು ಸಮಾಧಾನಪಡಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಊಟ ತಣ್ಣಗಾಗಿತ್ತು. ಅದನ್ನು ಬಿಸಿ ಮಾಡಿಕೊಡು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಸಂಜೆ, ವಿಜೇತ್ ಕಾಗದ ಒಯ್ಯಲು ಕಾಯುತ್ತಿರುವಾಗ, ಮಮ್ಮುಂಞಿ ಕನ್ನಡಕ ಹಾಕಿಕೊಂಡು ಬಂದ. ಅಕ್ಷರ ಅಕ್ಷರ ಓದಿ, ಸಹಿ ಹಾಕಿ, ತನಗೂ ಒಂದು ಬರೆಸಿಕೊಂಡ. ಮೂರು ಸಹಿಯೂ ಆಯಿತು. ಪ್ರೇಮನಾಥ ಕಾಗದಗಳನ್ನು ಎದೆಗೊತ್ತಿಕೊಂಡು, "ಇನ್ನು ದೇವೇಂದ್ರ ಬಂದರೂ ನಮ್ಮನ್ನು ಅಲ್ಲಾಡಿಸಲಿಕ್ಕೆ ಆಗದು" ಎಂದ.

ದೇವೇಂದ್ರ ಬರಲಿಲ್ಲ. ಡಿಜಿಟಲ್ ಸರ್ವೆಯವರು ಬಂದರು. ಅವರು ಆ ವಾರವೆಲ್ಲ ಊರಿನಲ್ಲಿ ಅಳೆಯುತ್ತಿದ್ದವರು. ಕೋಲಿನ ತುದಿಯಲ್ಲಿ ಅಣಬೆಯಂಥ ಯಂತ್ರ ಹಿಡಿದ ಹುಡುಗಿ, ಪಯ್ಯನ್ನೂರಿನ ಕಡೆಯವಳು, ರಸ್ತೆಯಿಂದ ಒಂದೊಂದೇ ಮನೆ ಅಳೆಯುತ್ತ ಕೊನೆಗೆ ಇವನ ಅಂಗಳಕ್ಕೆ ಬಂದಳು. ಯಂತ್ರ ನೋಡುತ್ತ ಪುರುಷೋತ್ತಮ, ಹಲೀಮಾ ಅವಳ ಹಿಂದೆಯೇ ಬಂದರು. ಹುಡುಗಿ ಕೈಯಲ್ಲಿನ ಪರದೆ ನೋಡಿದಳು. ಮತ್ತೊಮ್ಮೆ ನೋಡಿದಳು.

"ಚೇಟ್ಟಾ, ನಿಮ್ಮ ಜಾಗ ಯಾವುದು?"

"ಇದೇ ಮೇಡಂ. ಆಧಾರ ತರಬೇಕಾ?"

"ಆಧಾರದಲ್ಲಿರುವ ಸರ್ವೆ ನಂಬರ್ ನನ್ನ ಹತ್ರ ಉಂಟು. ಅದು ಅಲ್ಲಿ." ಅವಳು ಹಲೀಮಾಳ ಮನೆ ತೋರಿಸಿದಳು. "ಇದು ಪುರಂಬೋಕು. ಸರಕಾರದ್ದು."

ಮಮ್ಮುಂಞಿ ಹಣೆ ಚಚ್ಚಿಕೊಂಡ. "ಪಡೆಚ್ಚೋನೇ, ದೇವರೇ! ಆ ಹಗ್ಗ!"

ಆಗ ಎಲ್ಲರಿಗೂ ನೆನಪಾಯಿತು. ನಾಲ್ವರಿಗೂ ಜಾಗ ಮಾರಿದ ಹರಿನಾರಾಯಣ ಧನಿಗಳು ಈಗಿಲ್ಲ. ಆಧಾರಗಳೆಲ್ಲ ನೋಂದಣಿಯಾದ ಮೇಲೆ ಅವರು ಹಗ್ಗ ಹಿಡಿಸಿ ಅಳೆದು ಕೊಡಲು ಬಂದಿದ್ದರು. ಮೊದಲನೆಯ ಜಾಗ ಮಮ್ಮುಂಞಿಯದು. ಹಗ್ಗ ಎಳೆದರೆ ಗುಳಿಗನ ಕಲ್ಲು ಅದರ ನಟ್ಟನಡುವೆ ಬಂತು. ಕಲ್ಲು ಬಿಟ್ಟು ಬದಿಗೆ ಕಟ್ಟುತ್ತೇನೆಂದು ಮಮ್ಮುಂಞಿ ಹೇಳಿದರೂ ಒಬ್ಬ ಮಾತ್ರ ಒಪ್ಪಲಿಲ್ಲ. ಗುಳಿಗನ ಎದುರು ಯಾರ ಮನೆಯೂ ಏಳಬಾರದು, ಎದ್ದರೆ ಊರು ಉಳಿಯದು, ಎಲ್ಲರೂ ಒಂದೊಂದು ಜಾಗ ಆಚೆಗೆ ಸರಿಯಿರಿ ಎಂದು ಹಗ್ಗಕ್ಕೆ ಅಡ್ಡ ನಿಂತವನು ಪ್ರೇಮನಾಥ. ಧನಿಗಳು ಹೂಂ ಎಂದರು. ಜನ ಸರಿದರು. ಆಧಾರಗಳು ಸರಿಯಲಿಲ್ಲ. ಕಟ್ಟಕಡೆಯ ಜಾಗದವನು ಸರಿದು ಸರಕಾರದ ಗುಡ್ಡೆಗೆ ಬಿದ್ದ.

"ಹಾಗಾದರೆ," ಎಂದ ಪ್ರೇಮನಾಥ, "ಹಲೀಮಕ್ಕನ ಮನೆ ಇರುವ ಜಾಗ ನನ್ನದಲ್ಲವಾ?"

ಹಲೀಮಾ ಕುಪ್ಪಾಯದೊಳಗಿಂದ ಮಡಚಿದ ಕಾಗದ ತೆಗೆದಳು. "ಪ್ರೇಮಣ್ಣ, ಬೇಜಾರು ಮಾಡಬೇಡಿ. ನನಗೂ ಇದೊಂದೇ ಮನೆ."

ವಿಜೇತ್ ಅದನ್ನು ತೆಗೆದುಕೊಂಡು ಓದಿದ. ಈಗ ಮನೆ ಕಟ್ಟಿ ವಾಸವಾಗಿರುವ ಜಾಗದಲ್ಲಿ ಯಾವ ಹಕ್ಕೂ ಇಲ್ಲ, ಮುಂದೆಯೂ ಕೇಳುವುದಿಲ್ಲ. "ಸಹಿ ನಿಮ್ಮದೇ ಮಾವ."

ಪ್ರೇಮನಾಥ ಅವಳ ಮುಖ ನೋಡಿದ. ಕೇಳಿದ್ದಕ್ಕೇ ಅವನಿಗೆ ನಾಚಿಕೆಯಾಯಿತು. ತನ್ನ ಕೈಯಲ್ಲಿದ್ದ ಮೂರು ಕಾಗದ ನೋಡಿದ. ಅವುಗಳಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವನು ವಾಸವಾಗಿರುವ ಜಾಗದಲ್ಲಿ ಆ ಮೂವರಿಗೂ ಯಾವ ಹಕ್ಕೂ ಇರಲಿಲ್ಲ. ಅವನಿಗೂ ಇರಲಿಲ್ಲ ಅಷ್ಟೆ.

"ನಿನ್ನ ಆ ವಿಮೆ?"

"ಗೊತ್ತಿರುವ ದೋಷಕ್ಕೆ ಕಂಪೆನಿ ವಿಮೆ ಕೊಡುವುದಿಲ್ಲ ಮಾವ. ಈಗ ಗೊತ್ತಾಯ್ತಲ್ಲ" ಎಂದು ವಿಜೇತ್ ಅಚ್ಚಿನ ಕಟ್ಟನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದ.

"ನನ್ನ ಆಡುಗಳಿಗೆ ನೀನು ಬಾಯಿ ತೆಗೀಬಾರದು ಅಂದೆ," ಪುರುಷೋತ್ತಮ ಶುರುಮಾಡಿದ. "ಈಗ ಅವೂ ನೀನೂ ಒಂದೇ..." ಮೋಹಿನಿಯ ಮುಖ ಕಂಡು ಅಲ್ಲಿಗೇ ನಿಲ್ಲಿಸಿದ.

ಪ್ರೇಮನಾಥ ಮೆಟ್ಟಿಲ ಮೇಲೆ ಕುಸಿದು ಕೂತ. ಬಸ್ಸಿನಲ್ಲಿ ಟಿಕೆಟಿಲ್ಲದೆ ಸಿಕ್ಕಿಬಿದ್ದವರು ಜೇಬು ತಡಕುತ್ತ, ಇತ್ತು, ಈಗಷ್ಟೇ ಇಲ್ಲಿತ್ತು ಎನ್ನುತ್ತಿದ್ದುದು ಅವನಿಗೆ ನೆನಪಾಯಿತು. ಒಬ್ಬರ ಮಾತನ್ನೂ ಅವನು ನಂಬಿರಲಿಲ್ಲ. ಭಾವನನ್ನು ಇಳಿಸುವಾಗ ಮಳೆ ಬರುತ್ತಿತ್ತು ಎಂಬುದೂ ಈಗಲೇ ನೆನಪಾಗಬೇಕೇ?

ಮಮ್ಮುಂಞಿ ಬಂದು ಅವನ ಪಕ್ಕ ಕೂತ. ಒಳ್ಳೆಯ ಮನುಷ್ಯ. "ತಲೆಗೆ ಕೈ ಇಡಬೇಡ ಪ್ರೇಮಣ್ಣ. ನಿನ್ನ ಹೆಸರಿನದ್ದು ಹಲೀಮಾಗೆ ಹೋಯ್ತು, ಇನ್ನು ನಾವು ಮೂವರು ಈಗ ಇರುವ ಜಾಗಕ್ಕೆ ಆಧಾರ ಬದಲು ಮಾಡಿ ಬರೆದುಕೊಂಡರೆ ನಮ್ಮದು ಸರಿಯಾಗ್ತದೆ. ಆಗ ನನ್ನ ಹೆಸರಿನ ಮೊದಲಿನ ಜಾಗ ಹೆಚ್ಚು ಉಳೀತದೆ. ಅದು ನಿನಗೆ. ಹಣ ಬೇಡ, ಎಂತದೂ ಬೇಡ. ನಾಳೆಯೇ ಬರೆದು ಕೊಡ್ತೇನೆ. ಅಲ್ಲಿ ಒಂದು ಮನೆ ಕಟ್ಟು."

ಪ್ರೇಮನಾಥನ ಕಣ್ಣಲ್ಲಿ ನೀರು ಬಂತು. "ದೇವರು ನಿಮ್ಮನ್ನು ಚೆನ್ನಾಗಿಡಲಿ ಮಮ್ಮುಂಞಿಚ್ಚ. ಯಾವ ಜಾಗ ಅದು?"

ಮಮ್ಮುಂಞಿ ರಸ್ತೆಯ ಕಡೆಗೆ ಕೈ ತೋರಿಸಿದ. ಕತ್ತಲಾಗುತ್ತಿತ್ತು. ಕಾಸರಕನ ಮರದ ಬುಡದಲ್ಲಿ, ಬೆಳಿಗ್ಗೆ ಒಡೆದ ಬೊಂಡದ ಚಿಪ್ಪುಗಳ ನಡುವೆ ಆ ಕಲ್ಲು ಕಪ್ಪಗೆ ಕಾಣುತ್ತಿತ್ತು.

ಮೋಹಿನಿ ವಿಜೇತನ ಚೀಲದಿಂದ ಒಂದು ಅಚ್ಚಿನ ಕಾಗದವನ್ನೂ ಪೆನ್ನನ್ನೂ ತೆಗೆದು ತಂದು ಗಂಡನ ಕೈಯಲ್ಲಿಟ್ಟಳು.

"ಹೋಗಿ, ಹೇಗೂ ಹೊರಟಿದ್ದೀರಿ. ನೆರೆಯವರಲ್ಲಿ ಇನ್ನೊಬ್ಬನ ಸಹಿ ಬಾಕಿ ಉಂಟು."