ಊಟದ ಮನೆಯ ಬಾಗಿಲಲ್ಲಿ ನಿಂತ ನಗುಮುಖದ ಯಂತ್ರಕ್ಕೆ

ಗುಲಾಬಿ ತೋಟ, ಹದಿನಾಲ್ಕನೇ ಬ್ಲಾಕ್,
ಬೊಗೋಟಾ ಬಯಲು,
ಜನವರಿ ಇಪ್ಪತ್ಮೂರು, ಶುಕ್ರವಾರ

ಮಾನ್ಯ ನಗುಮುಖದ ಯಂತ್ರ ಮಹಾಶಯರೇ,

ತಾವು ಕ್ಷೇಮವೇ? ಈ ಪ್ರಶ್ನೆಯನ್ನು ದಿನಕ್ಕೆ ಇನ್ನೂರ ಹನ್ನೆರಡು ಜನರಿಗೆ ಕೇಳುವ ತಮಗೆ ಯಾರೂ ಅದನ್ನು ಒಮ್ಮೆಯಾದರೂ ತಿರುಗಿ ಕೇಳಿದ್ದನ್ನು ನಾನು ಕಾಣೆ; ಆದ್ದರಿಂದ, ದೂರಿನ ಪತ್ರವನ್ನೂ ಕುಶಲ ವಿಚಾರಿಸಿಯೇ ಶುರು ಮಾಡಬೇಕೆನ್ನುವ ನಮ್ಮ ಕಡೆಯ ಪದ್ಧತಿಯಂತೆ ಮೊದಲಿಗೆ ಕೇಳುತ್ತಿದ್ದೇನೆ. ಬೆಳಗಿನ ಐದರ ಚಳಿಗೆ ತಮ್ಮ ಒಂಟಿ ಕಬ್ಬಿಣದ ಕಾಲು ನೋಯುತ್ತಿಲ್ಲವೆಂದೂ, ಬೆನ್ನ ಹಿಂದಿನ ತಂತಿ ಬೆಚ್ಚಗಿದೆಯೆಂದೂ, ಕಡುಹಸಿರು, ತಿಳಿಹಸಿರು, ಹಳದಿ, ಕೆಂಪು ಎಂಬ ತಮ್ಮ ನಾಲ್ಕು ಮುಖಗಳು ಒಂದಕ್ಕೊಂದು ಹೊಂದಿಕೊಂಡು ಬಾಳುತ್ತಿವೆಯೆಂದೂ ನಂಬಿದ್ದೇನೆ. ಈ ಪತ್ರವನ್ನು ತಮ್ಮ ಎದೆಯ ಮೇಲೆಯೇ ಅಂಟಿಸುತ್ತಿರುವುದಕ್ಕೆ ಕ್ಷಮೆ ಇರಲಿ. ತಮಗೆ ಅಂಚೆಯ ವಿಳಾಸವಿಲ್ಲ.

ನನ್ನ ಹೆಸರು ಒತಿಲಿಯಾ ಪಿರಾಕೀವೆ, ವಯಸ್ಸು ಐವತ್ತೊಂದು, ಈ ತೋಟದಲ್ಲಿ ಗುಲಾಬಿ ಕೊಯ್ಯಲು ಹಿಡಿದು ಹತ್ತೊಂಬತ್ತು ವರ್ಷ. ಕಳೆದ ಜೂನ್‌ನಿಂದ ನಾನು ನಮ್ಮ ಬ್ಲಾಕಿನ ಕ್ಷೇಮ ನಾಯಕಿಯೂ ಹೌದು. ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಸೀಟಿ ಊದಿ, ಎಲ್ಲರ ಕೈಯಿಂದ ಕತ್ತರಿ ಕೆಳಗಿಡಿಸಿ, ಕತ್ತು ತಿರುಗಿಸುವ, ಭುಜ ಕುಣಿಸುವ, ಬೆರಳು ಬಿಡಿಸಿ ಮಡಚುವ ಕಸರತ್ತು ಮಾಡಿಸುವುದು ಆ ಪದವಿಯ ಕರ್ತವ್ಯ. ನನ್ನನ್ನು ಆರಿಸಿದ್ದು ಕ್ಷೇಮ ವಿಭಾಗದ ಮುಖ್ಯಸ್ಥೆ ಹಿಮೇನಾ ಮೇಡಂ. ವಯಸ್ಸು ಇಪ್ಪತ್ತಾರು, ಮನಸ್ಸು ಬೆಣ್ಣೆ. "ಒತಿಲಿಯಾ ಅವ್ರೇ, ನಿಮ್ ಗಂಟ್ಲು ಎಷ್ಟ್ ಚೆನ್ನಾಗಿದೆ ಅಂದ್ರೆ ಮೈಕೇ ಬೇಡ, ನೀವೇ ನಾಯಕಿ ಆಗ್ಬಿಡಿ" ಎಂದರು. ಜೊತೆಗೆ ಒಂದು ಕೈಪಿಡಿಯನ್ನೂ ಕೊಟ್ಟರು. ನಾಯಕಿಯಾದವಳು ಇತರರು ಹೇಳಲಾರದ್ದನ್ನು ಮೊದಲು ಹೇಳಬೇಕು ಎಂದು ಅದರ ಮೊದಲನೇ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅದನ್ನು ಓದಿ ನಾನು ಬಹಳ ಹೆಮ್ಮೆಪಟ್ಟೆ, ಕೈಪಿಡಿಯನ್ನು ಮನೆಯಲ್ಲಿ ಪಾತ್ರೆಗಳ ಹಿಂದೆ ಜೋಪಾನವಾಗಿ ಇಟ್ಟೆ.

ತಾವು ದಯಮಾಡಿಸಿದ್ದು ಆಗಸ್ಟ್‌ನಲ್ಲಿ. ಕೊರಳಿಗೆ ರಿಬ್ಬನ್ ಕಟ್ಟಿಸಿಕೊಂಡು, ನಿಷ್ಪಕ್ಷಪಾತವಾಗಿ ಎಲ್ಲರನ್ನೂ ನೋಡಿ ನಗುತ್ತಾ ಊಟದ ಮನೆಯ ಬಾಗಿಲಲ್ಲಿ ನಿಂತಿರಿ. "ಇನ್ಮೇಲೆ ಯಾರೂ ಮನಸ್ಸಲ್ಲೇ ಇಟ್ಕೊಂಡು ಕೊರಗೋದು ಬೇಡ, ಖುಷಿಯಾಗಿದ್ರೆ ಕಡುಹಸಿರು ಮುಖ, ನೋವಿದ್ರೆ ಕೆಂಪು ಮುಖ, ಹೇಗನ್ಸುತ್ತೋ ಆ ಗುಂಡಿ ಒತ್ತಿ, ಯಾರು ಒತ್ತಿದ್ರು ಅಂತ ಯಾರಿಗೂ ಗೊತ್ತಾಗಲ್ಲ" ಎಂದು ಹಿಮೇನಾ ಮೇಡಂ ಭರವಸೆ ಕೊಟ್ಟರು. ಯಾರಿಗೂ ಗೊತ್ತಾಗದಿರಲೆಂದೇ ಏನೋ, ಮೊದಲ ವಾರ ಪೂರ್ತಿ ತಮ್ಮ ಪಕ್ಕದಲ್ಲೇ ನಿಂತು, ಒತ್ತಿದವರಿಗೆಲ್ಲ ಅವರೇ ಕೈಯಾರೆ ಬಿಸಿ ಕಾಫಿ ಕೊಟ್ಟರು. ಈಗ ತಾವೇ ಹೇಳಿ, ಎದುರಿಗೆ ಒಬ್ಬ ಹೆಣ್ಣುಮಗಳು ಲೋಟ ಹಿಡಿದು "ಸಕ್ಕರೆ ಸಾಕಾ ಅಮ್ಮಾ?" ಎನ್ನುತ್ತಿರುವಾಗ ಯಾವ ಬಾಯಿಯಿಂದ, ಅಂದರೆ ಯಾವ ಬೆರಳಿನಿಂದ, ಕೆಂಪು ಮುಖವನ್ನು ಒತ್ತುವುದು? ನಾವು ಈ ಎತ್ತರದ ಬಯಲಿನವರು, ಬಸ್ಸಿನಲ್ಲಿ ಯಾರಾದರೂ ನಮ್ಮ ಕಾಲು ತುಳಿದರೆ ಕಾಲು ಅಲ್ಲಿಟ್ಟ ತಪ್ಪಿಗೆ ನಾವೇ ಕ್ಷಮೆ ಕೇಳುವವರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಂಬಿ, ಬೆಳ್ಳಿಯ ಗೊಡವೆಗೇ ಹೋಗದೆ ತಲೆಮಾರುಗಟ್ಟಲೆ ಬಂಗಾರ ಕೂಡಿಹಾಕಿದವರು. ಇನ್ನೂರ ಹನ್ನೆರಡು ಜನವೂ ಕಡುಹಸಿರನ್ನೇ ಒತ್ತಿದೆವು. ಆಲಿಕಲ್ಲು ಬಿದ್ದು ಮೂರನೇ ಬ್ಲಾಕಿನ ಪ್ಲಾಸ್ಟಿಕ್ ಚಾವಣಿ ಹರಿದು ಎಲ್ಲರೂ ತೊಪ್ಪೆಯಾದ ದಿನವೂ ಒದ್ದೆ ಬೆರಳಿನಿಂದ ಕಡುಹಸಿರನ್ನೇ ಒತ್ತಿದೆವು.

ಇನ್ನು ನನ್ನ ಅಹವಾಲಿಗೆ ಬರುತ್ತೇನೆ. ಎಡೆಲ್ಮೀರಾ ಕೆಕಾನ್ ಎಂಬುವವರು ನಮ್ಮ ಬ್ಲಾಕಿನ ಅತಿ ಹಿರಿಯ ಕೊಯ್ಲುಗಾರ್ತಿ, ನನ್ನ ಮಗಳ ದೀಕ್ಷಾಸ್ನಾನದಲ್ಲಿ ಅವಳನ್ನು ಎತ್ತಿಕೊಂಡ ಧರ್ಮತಾಯಿ, ಮೊಗ್ಗನ್ನು ಮುಟ್ಟದೆ ಕಾಂಡವನ್ನು ಎಲ್ಲಿ ಕತ್ತರಿಸಬೇಕೆಂದು ನನಗೆ ಕಲಿಸಿಕೊಟ್ಟ ಗುರು. ಅಕ್ಟೋಬರ್‌ನ ಒಂದು ಬೆಳಿಗ್ಗೆ ನಾನು ಸೀಟಿ ಊದಿ "ಬೆರಳು ಬಿಡ್ಸಿ, ಮಡಚಿ" ಎಂದು ಕೂಗುತ್ತಿದ್ದಾಗ ಅವರ ಬಲಗೈ ಅರ್ಧಕ್ಕೇ ನಿಂತಿದ್ದನ್ನು ಕಂಡೆ. ಹತ್ತಿರ ಹೋಗಿ ಮೆಲ್ಲಗೆ "ಏನಾಯ್ತಕ್ಕ?" ಎಂದೆ. "ಏನಿಲ್ಲ ಬಿಡೇ, ಚಳಿಗೆ ಮರಗಟ್ಟಿದೆ. ರಾತ್ರಿ ಇದನ್ನ ದಿಂಬಿನ ಕೆಳಗಿಟ್ಟು ಮಲಗ್ತೀನಿ, ಬೆಳಿಗ್ಗೆ ಎದ್ದು ಹುಡುಕ್ಕೊಂಡು ಹಾಕ್ಕೋತೀನಿ" ಎಂದು ನಕ್ಕರು. ಅವರ ನಗುವಿಗೆ ನಾನೂ ನಕ್ಕೆ. ಆದರೂ ಬಲವಂತ ಮಾಡಿ ವೈದ್ಯರ ಬಳಿ ಕರೆದುಕೊಂಡು ಹೋದೆ. ಮಣಿಕಟ್ಟಿನ ನರ ಹಿಸುಕಿಹೋಗಿದೆ, ಇನ್ನು ಕತ್ತರಿ ಹಿಡಿಯಕೂಡದು, ಕೂತು ಮಾಡುವ ಹಗುರ ಕೆಲಸ ಕೊಡಬೇಕು ಎಂದು ಅವರು ಮುದ್ರೆಯೊತ್ತಿ ಬರೆದುಕೊಟ್ಟರು.

ವೈದ್ಯರು ವರ ಕೊಟ್ಟರೂ ಮೇಸ್ತ್ರಿ ಕೊಡಬೇಕಲ್ಲ. ನಮ್ಮ ಬ್ಲಾಕಿನ ಮೇಸ್ತ್ರಿ ದೋನ್ ಎವೆಲಿಯೋ ಕೆಟ್ಟವರಲ್ಲ, ಕಾಗದವನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು. ಆಮೇಲೆ "ಕಾಗ್ದ ಸರಿಯಾಗೇ ಇದೆ ತಾಯಿ, ಆದ್ರೆ ಯಂತ್ರದ ವರದಿ ನೋಡಿ, ನಮ್ ತೋಟ ನೂರಕ್ಕೆ ನೂರು ಖುಷಿಯಾಗಿದೆ. ನೋವಿರೋರು ಯಾರೂ ಇಲ್ಲ ಅಂತ ಅಲ್ಲೇ ಬಂದಿರೋವಾಗ ನಾನ್ ಮೇಲಿನೋರಿಗೆ ಏನಂತ ಹೇಳ್ಲಿ?" ಎಂದು ಕಾಗದವನ್ನು ಮಡಚಿ ಬಹಳ ಗೌರವದಿಂದ ಹಿಂದಿರುಗಿಸಿದರು. ಮಹಾಶಯರೇ, ಓದು ಕಲಿತ ವೈದ್ಯರೊಬ್ಬರ ಮಾತನ್ನು ಬರೀ ನಗುವಿನಿಂದಲೇ ಸುಳ್ಳು ಮಾಡಿದ ತಮ್ಮ ಪ್ರತಾಪಕ್ಕೆ ನಾನು ಅಂದೇ ತಲೆಬಾಗಿದೆ.

ಮರುದಿನ ನಾನು ಕೆಂಪನ್ನು ಒತ್ತಿದೆ. ತಮಗೆ ನೆನಪಿರಬಹುದು, ತಮ್ಮ ಜೀವಮಾನದಲ್ಲೇ ಅದು ಮೊದಲನೆಯದು. ಎದುರಿಗೆ ಪಾದ್ರಿಗಳು ನಿಂತಂತೆ ಅಂಜಿಕೆಯಾಗಿತ್ತು. ಅದರ ಪರಿಣಾಮವೂ ತಡವಿಲ್ಲದೆ ಆಯಿತು. ಮೂರನೇ ದಿನ ಬೊಗೋಟಾದಿಂದ ರಿಪೇರಿಯವನೊಬ್ಬ ಬಂದು ತಮ್ಮನ್ನು ಬಿಚ್ಚಿ, ಊದಿ, ಒರೆಸಿ, "ಕೆಂಪ್ ಗುಂಡಿ ತಾನಾಗೇ ಒತ್ಕೊಂಡ್ಬಿಟ್ಟಿದೆ, ಧೂಳು ಕೂತಿತ್ತು, ಈಗ ಸರಿಹೋಯ್ತು" ಎಂದು ಸಹಿ ಹಾಕಿ ಹೋದ.

ಒಬ್ಬಳು ಒತ್ತಿದರೆ ಧೂಳು, ಎಲ್ಲರೂ ಒತ್ತಿದರೆ ನೋವು ಎಂದು ತಿಳಿದು, ಡಿಸೆಂಬರ್‌ನ ಒಂದು ಶುಕ್ರವಾರ ಎಡೆಲ್ಮೀರಕ್ಕನ ಸಲುವಾಗಿ ಎಲ್ಲರೂ ಕೆಂಪನ್ನೇ ಒತ್ತಬೇಕೆಂದು ನಾನು ಬಸ್ಸಿನಲ್ಲಿ, ಕಾಲುದಾರಿಯಲ್ಲಿ, ಚರ್ಚಿನ ಬಾಗಿಲಲ್ಲಿ ಕಿವಿಯಿಂದ ಕಿವಿಗೆ ಸುದ್ದಿ ಮುಟ್ಟಿಸಿದೆ. ಎಲ್ಲರೂ ಒಪ್ಪಿದರು. ಒಪ್ಪಿದಂತೆ ಒತ್ತಿಯೂ ಒತ್ತಿದರು. ಆದರೆ ಒತ್ತಿ ನಾಲ್ಕು ಹೆಜ್ಜೆ ಹೋದವರಿಗೆ ಮನಸ್ಸು ತಡೆಯದೆ, ತಿರುಗಿ ಬಂದು, ಬೇಸರ ಮಾಡಿಕೊಳ್ಳಬೇಡಿ ಎನ್ನುವಂತೆ ಕಡುಹಸಿರನ್ನೂ ಒತ್ತಿದರು. ಕೆಲವರು ಮೂರು ಸಲ, ಕೆಲವರು ಆರು ಸಲ. ಔಷಧಿ ಹೊಡೆಯುವ ತಿಬೇರಿಯೋ ಅಂತೂ ಹನ್ನೊಂದು ಸಲ ಒತ್ತಿದ. ನಾನು ಹಿಡಿದು ನಿಲ್ಲಿಸಿ "ಏನ್ ಮಾಡ್ತಿದೀಯೋ ಪುಣ್ಯಾತ್ಮ?" ಎಂದು ಕೇಳಿದರೆ, "ಏನ್ಮಾಡ್ಲಿ ಒತಿಲಿಯಕ್ಕ, ಆ ಮೇಡಂ ಪಾಪ ಅಮ್ಮ ಇಲ್ಲದ್ ಮಗು. ಕ್ರಿಸ್ಮಸ್ ಹತ್ರ ಬಂದಿರೋವಾಗ ಯಾಕ್ ಮನಸ್ ನೋಯಿಸ್ಬೇಕು?" ಎಂದು ನನಗೇ ಬುದ್ಧಿ ಹೇಳಿದ.

ಸತ್ಯ ಹೇಳುತ್ತೇನೆ, ಆ ಹೊತ್ತು ಅಷ್ಟೂ ಜನರನ್ನು ಸಾಲಾಗಿ ನಿಲ್ಲಿಸಿ ಕಿವಿ ಹಿಂಡಬೇಕೆನಿಸಿತು. ಮುಳ್ಳು ತುಂಬಿದ ಗಿಡದೊಳಗೆ ದಿನಕ್ಕೆ ಹತ್ತು ತಾಸು ಕೈ ಹಾಕುವ ಧೈರ್ಯವಿರುವ ಜನ, ಒಂದು ಗುಂಡಿಗೆ ಬೇಸರವಾದೀತೆಂದು ಹೆದರಿದರು. ತಿಂಗಳ ಕೊನೆಗೆ ಬಂದ ವರದಿಯಲ್ಲಿ, ಈ ತೋಟದ ನೌಕರರು ಯಂತ್ರವನ್ನು ಎಷ್ಟು ಪ್ರೀತಿಸುತ್ತಾರೆಂದರೆ ಒಂದೇ ದಿನ ಹಲವು ಬಾರಿ ಬಂದು ಮಾತನಾಡಿಸುತ್ತಾರೆ ಎಂದಿತ್ತು. ಕೆಂಪುಗಳನ್ನು ಕಲಿಕೆಯ ಹಂತದ ತಪ್ಪುಗಳೆಂದು ಕಳೆದು ಹಾಕಲಾಗಿತ್ತು. ಇದರಿಂದಾಗಿ ಬಯಲಿನ ಅಷ್ಟೂ ಹೂದೋಟಗಳಲ್ಲಿ ನಮ್ಮದಕ್ಕೇ 'ಮುಕ್ತವಾಗಿ ಮಾತಾಡುವ ತೋಟ' ಎಂಬ ಬಹುಮಾನ ಬಂತು.

ಮೊನ್ನೆ ಬುಧವಾರ ನಡೆದ ಸಮಾರಂಭವನ್ನು ತಾವು ಕಂಡಿದ್ದೀರಿ, ತಮ್ಮ ಪಕ್ಕದಲ್ಲೇ ಕೇಕ್ ಇಟ್ಟಿದ್ದರು. ಮುಕ್ತವಾಗಿ ಮಾತಾಡಲೆಂದು ನನಗೆ ಮೂರು ನಿಮಿಷ ಕೊಟ್ಟು, ಮಾತಾಡಬೇಕಾದ್ದನ್ನು ಟೈಪ್ ಮಾಡಿ ಕೈಗಿತ್ತಿದ್ದರು. ಅದಕ್ಕೆ ಮೊದಲು ಹಿರಿಯ ಕೊಯ್ಲುಗಾರ್ತಿಯ ಕೈಯಿಂದಲೇ ರಿಬ್ಬನ್ ಕತ್ತರಿಸಬೇಕೆಂದು ಹಿಮೇನಾ ಮೇಡಂ ಎಡೆಲ್ಮೀರಕ್ಕನನ್ನು ಕರೆದರು. ಆಗುವುದಿಲ್ಲವೆನ್ನುವುದು ಅವರ ನಾಲಿಗೆಗೆ ಗೊತ್ತಿಲ್ಲ. ಹೋಗಿ ಕತ್ತರಿ ಹಿಡಿದರು. ಒಮ್ಮೆ ಒತ್ತಿದರು, ಮುಚ್ಚಲಿಲ್ಲ. ಎಡಗೈಯನ್ನೂ ಸೇರಿಸಿ ಒತ್ತಿದರು. ಕತ್ತರಿ ಕೆಳಗೆ ಬಿತ್ತು. ಅವರಿಗೆ ಅವಮಾನವಾಗದಿರಲೆಂದು ಇಡೀ ಸಭೆ ಚಪ್ಪಾಳೆ ತಟ್ಟಿತು. ಮಹಾಶಯರೇ, ನಾನೂ ತಟ್ಟಿದೆ. ನನ್ನದೇ ಎರಡು ಕೈ ತಟ್ಟುತ್ತಿರುವುದನ್ನು ಕಂಡು ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಟೈಪ್ ಮಾಡಿದ ಕಾಗದವನ್ನು ಮೇಲಂಗಿಯ ಜೇಬಿಗೆ ತುರುಕಿ ನಾನು ಎದ್ದು ನಿಂತೆ. "ತಪ್ಪು ತಿಳೀಬೇಡಿ ಮೇಡಂ, ಕೇಕ್ ತುಂಬಾ ಚೆನ್ನಾಗಿದೆ. ಆದ್ರೆ ಅವರ ಕೈ ಅಕ್ಟೋಬರಿಂದ ಮುಚ್ತಾ ಇಲ್ಲ. ವೈದ್ಯರ ಕಾಗ್ದ ಅವರ ಚೀಲದಲ್ಲೇ ಇದೆ, ಯಾರೂ ಇಟ್ಕೊಳ್ಲಿಲ್ಲ. ನಾವು ಒತ್ತಿದ್ ಹಸಿರೆಲ್ಲ ಸುಳ್ಳು, ಮರ್ಯಾದೆಗೆ ಒತ್ತಿದ್ದು" ಎಂದೆ. ಹಿಮೇನಾ ಮೇಡಂ ಮುಖ ಬಿಳಿಚಿಕೊಂಡಿತು. "ಅಯ್ಯೋ, ಇದನ್ನ ನನಗೆ ಯಾರೂ ಯಾಕೆ ಹೇಳ್ಲಿಲ್ಲ?" ಎಂದರು. "ಹೇಳಿದ್ವಲ್ಲಾ ಮೇಡಂ, ಅದಕ್ಕೆ" ಎಂದು ತಿಬೇರಿಯೋ ತಮ್ಮ ಕಡೆಗೆ ಕೈ ತೋರಿಸಿದ. ಆ ಹುಡುಗಿಯ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಮೇಲಿನವರು ಸಂಜೆಯೇ ಉತ್ತರ ಕಳಿಸಿದರು. ವಿಷಯವನ್ನು ಸಹಾನುಭೂತಿಯಿಂದ ಗಮನಿಸಲಾಗಿದೆ, ಪ್ರೇಮಿಗಳ ದಿನಕ್ಕೆಂದು ಹೊರದೇಶಕ್ಕೆ ಹೋಗುವ ಹೂವು ವಿಮಾನ ಹತ್ತಿದ ಮೇಲೆ, ಫೆಬ್ರವರಿ ಹದಿನೈದರ ನಂತರ, ಪರಿಶೀಲಿಸಲಾಗುವುದು. ಎಡೆಲ್ಮೀರಕ್ಕನ ಒಪ್ಪಂದ ಮುಗಿಯುವುದು ಜನವರಿ ಮೂವತ್ತೊಂದಕ್ಕೆ. ಕತ್ತರಿ ಹಿಡಿಯಲಾರದವರ ಒಪ್ಪಂದವನ್ನು ಈ ತೋಟ ಯಾವತ್ತೂ ಮುಂದುವರಿಸಿಲ್ಲ.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಆ ನಾಲ್ಕು ಮುಖಗಳ ಜೊತೆಗೆ ಎರಡು ಕಿವಿಗಳನ್ನೂ ಬೆಳೆಸಿಕೊಳ್ಳಲು ಸಾಧ್ಯವೇ ಯೋಚಿಸಿ. ಅದು ಕಷ್ಟವಾದರೆ, ತಮಗೆ ಹೇಗೂ ಕೈಯಿಲ್ಲವಾದ್ದರಿಂದ ಕೈನೋವಿನ ಭಯವೂ ಇಲ್ಲ, ಒಂದು ದಿನದ ಮಟ್ಟಿಗೆ ಹದಿನಾಲ್ಕನೇ ಬ್ಲಾಕಿಗೆ ಬಂದು ಗಂಟೆಗೆ ಮುನ್ನೂರು ಗುಲಾಬಿ ಕೊಯ್ದುಕೊಟ್ಟು, ಸಂಜೆ ತಾವೇ ತಮ್ಮ ಯಾವುದಾದರೂ ಮುಖವನ್ನು ಒತ್ತಿಕೊಳ್ಳಿ. ಅದೂ ಆಗದಿದ್ದರೆ, ಎಡೆಲ್ಮೀರಕ್ಕನನ್ನು ಇಲ್ಲಿ ಬಾಗಿಲಲ್ಲಿ ನಿಲ್ಲಿಸಿ ತಾವು ರಜೆಯ ಮೇಲೆ ತೆರಳಿ. ಅವರು ಬಂದವರ ಮುಖ ನೋಡಿಯೇ ಯಾರಿಗೆ ಏನಾಗಿದೆಯೆಂದು ಹೇಳಬಲ್ಲರು, ತಂತಿಯೂ ಬೇಕಾಗಿಲ್ಲ. ಇವೆಲ್ಲಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಹೂವು ಕಟ್ಟುವ ಕೋಣೆಯಲ್ಲಿ ಚೀಟಿ ಅಂಟಿಸುವ ಮೇಜಿನ ಮುಂದೆ ಒಂದು ಕುರ್ಚಿ ನವೆಂಬರ್‌ನಿಂದ ಖಾಲಿ ಇದೆ. ಎಡಗೈ ಒಂದಿದ್ದರೆ ಆ ಕೆಲಸ ನಡೆಯುತ್ತದೆ. ಅವರನ್ನು ಅಲ್ಲಿ ಕೂರಿಸಿ, ಒಪ್ಪಂದವನ್ನು ಮುಂದುವರಿಸುವ ಒಂದು ಕಾಗದ ಸಾಕು.

ಎತ್ತರದ ದನಿಯಲ್ಲಿ ಬರೆದಿದ್ದರೆ ಮನ್ನಿಸಿ, ಇದಕ್ಕಿಂತ ತಗ್ಗಿಸಿದರೆ ನನಗೇ ಕೇಳಿಸುವುದಿಲ್ಲ.

ಇಷ್ಟು ದಿನ ಮರ್ಯಾದೆಗೆ ಸುಳ್ಳು ಒತ್ತಿದ,
ತಮ್ಮ ವಿಶ್ವಾಸಿ,
ಒತಿಲಿಯಾ ಪಿರಾಕೀವೆ
ಕ್ಷೇಮ ನಾಯಕಿ, ಹದಿನಾಲ್ಕನೇ ಬ್ಲಾಕ್

ಮರೆತ ಮಾತು: ನಿನ್ನೆ ಕೈಪಿಡಿಯನ್ನು ಹೊರತೆಗೆದು ಕೊನೆಯವರೆಗೂ ಓದಿದೆ. ಕಸರತ್ತಿನ ವಿರಾಮ ಏಳು ನಿಮಿಷಕ್ಕಿಂತ ಕಡಿಮೆಯಾಗಬಾರದು, ವಿರಾಮ ಮುಗಿಸುವ ನಾಯಕಿಯ ಎರಡನೇ ಸೀಟಿಯಾಗದೆ ಯಾರೂ ಕತ್ತರಿ ಮುಟ್ಟಬಾರದು ಎಂದು ನಲವತ್ತೊಂದನೇ ಪುಟದಲ್ಲಿದೆ. ಎಷ್ಟು ನಿಮಿಷಕ್ಕಿಂತ ಹೆಚ್ಚಾಗಬಾರದೆಂದು ಬರೆಯಲು ಮರೆತಿದ್ದಾರೆ. ಸೋಮವಾರ ಒಂಬತ್ತಕ್ಕೆ ನಾನು ಮೊದಲ ಸೀಟಿ ಊದುತ್ತೇನೆ, ಇತರ ಬ್ಲಾಕುಗಳ ನಾಯಕಿಯರೂ ಊದುತ್ತಾರೆ. ಎರಡನೆಯದಕ್ಕೆ ಯಾರಿಗೂ ಅವಸರವಿಲ್ಲ. ಈ ದಿನಗಳ ಬಿಸಿಲಿಗೆ ಮೊಗ್ಗು ಮಧ್ಯಾಹ್ನದೊಳಗೆ ಅರಳುತ್ತದೆ, ಅರಳಿದ ಹೂವನ್ನು ಯಾರೂ ವಿಮಾನ ಹತ್ತಿಸುವುದಿಲ್ಲ ಎಂಬುದು ತಮ್ಮ ಮೇಲಿನವರಿಗೆ ನನಗಿಂತ ಚೆನ್ನಾಗಿ ಗೊತ್ತು. ದಯವಿಟ್ಟು ಇದನ್ನು ಮುಷ್ಕರವೆಂದು ತಪ್ಪು ತಿಳಿಯಬಾರದು. ಎಡೆಲ್ಮೀರಕ್ಕ ಆ ಕುರ್ಚಿಯಲ್ಲಿ ಕೂರುವವರೆಗೆ ನಾವು ಇನ್ನೂರ ಹನ್ನೆರಡು ಜನವೂ ಬಹಳ ಕ್ಷೇಮವಾಗಿರುತ್ತೇವೆ, ಅಷ್ಟೆ.