ಮಾವನ ಕಿವಿಗೆ ಚಿಗುರು

ಮಾವನ ಕಿವಿಗೆ ಚುಚ್ಚುವ ಸೂಜಿ ದಾರಿ ತಪ್ಪಿ ಮೆದುಳಿಗೆ ಹೋಗಬಹುದಿತ್ತು. ಆಸ್ಪತ್ರೆಯೇ ನಕಲಿಯಾಗಿರಬಹುದಿತ್ತು. ಕಲಬುರಗಿಗೆ ಹೊರಟವರು ವಾಡಿ ಜಂಕ್ಷನ್ನಿನಲ್ಲಿ ತಪ್ಪು ರೈಲು ಹತ್ತಿ ರಾಯಚೂರು ಸೇರಬಹುದಿತ್ತು. ಹಿಂದಿನಿಂದ ಬಂದ ಲಾರಿಯ ಹಾರ್ನ್ ಕೇಳದೆ ಮಾವ... ಬೇಡ, ಅದನ್ನು ಬರೆಯಲೂ ಹೆದರಿಕೆ! ನಡುವಯಸ್ಸಿನಲ್ಲಿ ಬೇರೆಯವರಿಗೆ ಹೊಟ್ಟೆ ಬರುತ್ತದೆ, ನನಗೆ ಚಿಂತೆ ಬಂದಿದೆ. ಹೊಟ್ಟೆಯೂ ಬಂದಿದೆ, ಅದು ಬೇರೆ ಮಾತು.

ಸೇಡಂನ ನನ್ನ ಸೋದರಮಾವ ಕಿವುಡರಲ್ಲ. ಅವರ ಪ್ರಕಾರ ಊರಿನವರೇ ಈಚೆಗೆ ಸಣ್ಣಗೆ ಮಾತಾಡಲು ಕಲಿತಿದ್ದಾರೆ! ಕಿವಿಗೆ ಮಿಷನ್ ಹಾಕಿಕೊಳ್ಳಿ ಅಂದರೆ, "ಅದು ಮುದುಕರ ಸಾಮಾನು" ಎನ್ನುತ್ತಾರೆ. ವಯಸ್ಸು ಎಂಬತ್ತರ ಹತ್ತಿರ. ಒಂದು ದಿನ ಮೊಬೈಲಿನಲ್ಲಿ, ಕಿವಿಗೆ ಸೂಜಿ ಚುಚ್ಚಿ ಮಾಡುವ ಸ್ಟೆಮ್ ಸೆಲ್ ಚಿಕಿತ್ಸೆಯ ವಿಡಿಯೊ ನೋಡಿಬಿಟ್ಟರು.

"ಅಳಿಯಾ, ತೊಗರಿ ಕುಡಿ ಚಿವುಟಿದ್ರ ಮಗ್ಗಲಿಗೆ ಟೊಂಗಿ ಒಡೀತಾವಿಲ್ಲೊ? ಹಂಗಽ ಕಿವಿ ಒಳಗ ಸತ್ತದ್ದು ಮತ್ತ ಚಿಗಸ್ತಾರಂತ!"

ಕಿವಿಯಿಂದ ಟೊಂಗೆ ಹೊರಬಂದರೆ ಟೊಪ್ಪಿಗೆ ಹೇಗೆ ಹಾಕುತ್ತಾರೆ? ನನಗೆ ಊಟ ರುಚಿಸದಾಯಿತು.

ಇಷ್ಟು ಅವಸರ ಯಾಕೆಂದರೆ ಮಠದ ಸೋಮವಾರದ ಭಜನೆ. ತಾಳ ಹಿಡಿಯುವವರು ಮೊದಲಿನಿಂದಲೂ ಮಾವನೇ. ಈಗ ಹಾರ್ಮೋನಿಯಂ ಕೇಳದೆ, ಹಾಡುವವರ ತುಟಿ ನೋಡಿಕೊಂಡು ತಾಳ ಹಾಕುತ್ತಿದ್ದರು.

"ತಾಳ ಬಿಟ್ಟ ಮ್ಯಾಲ ನಾ ಅಲ್ಲಿ ಯಾಕ್ ಕೂಡ್ಲಿ, ಹೇಳು?" ಎಂದಾಗ ಮಾತ್ರ ಅವರ ದನಿಯೂ ಸಣ್ಣದಾಯಿತು.

ಕೊನೆಗೆ ನಾನೇ ಮಾವನನ್ನು ಕರೆದುಕೊಂಡು ಹೋದ ಕಲಬುರಗಿಯ ಡಾಕ್ಟರ್ ಪ್ರಾಮಾಣಿಕರು. "ಕಾಕಾ, ಇದು ವಯಸ್ಸಿನ ಕಿವುಡು. ಸ್ಟೆಮ್ ಸೆಲ್ ಇನ್ನಾ ಪ್ರಯೋಗದಾಗ ಅದರಿ. ಈಗಽ ವಾಸಿ ಮಾಡ್ತೀವಿ ಅಂದೋರ ಕಡಿ ಹೋಗಬ್ಯಾಡ್ರಿ!" ಎಂದು ಅವರು ಕೂಗಿದ ಜೋರಿಗೆ ಹೊರಗೆ ಕೂತ ಪೇಷಂಟುಗಳೂ "ಹೂಂ" ಅಂದರು. ಡಾಕ್ಟರ್ ಮಿಷನ್ ತೆಗೆದು ಟೇಬಲ್ಲಿನ ಮೇಲಿಟ್ಟರು. ಆ ಮುದುಕರ ಸಾಮಾನಿಗೆ ಮಾವ ತಾವೇ ಕಿವಿ ಮುಂದೆ ಮಾಡಿದರು. ಮಿಷನ್ ಹಾಕಿದ ಕೂಡಲೇ ಅವರ ಮೊದಲ ಮಾತು:

"ಡಾಕ್ಟ್ರ, ಮೊದ್ಲ ಈ ಫ್ಯಾನಿಗೆ ಎಣ್ಣಿ ಬಿಡಸ್ರಿ."

ನಾನು ಚಿಂತಿಸಿದ್ದರಲ್ಲಿ ಒಂದೂ ನಡೆಯಲಿಲ್ಲ. ಸೋಮವಾರ ಭಜನೆಯಲ್ಲಿ ಮಾತ್ರ ಒಂದು ಸಣ್ಣ ಎಡವಟ್ಟಾಯಿತು. ಮಾವ ಸರಿಯಾದ ತಾಳ ಹಾಕಿದರು. ಉಳಿದವರೆಲ್ಲ ಹಿಂದೆ ಬಿದ್ದರು!

"ಯಾಕ್ರೋ, ಇಷ್ಟ್ ಜಗ್ಗಿ ಜಗ್ಗಿ ಹಾಡಾಕತ್ತೀರಿ?"

ಹಾರ್ಮೋನಿಯಂ ನುಡಿಸುವ ಅವರ ಗೆಳೆಯ ತಲೆ ತಗ್ಗಿಸಿದರು. "ನಿನ್ನ ತಾಳ ಹಂಗಽ ನಿಧಾನ ಆಗಿತ್ತಲ್ಲೋ ದೋಸ್ತ. ನಿನ್ನ ಕೂಡ ನಡದು ನಡದು ನಮಗೂ ಅದಽ ರೂಢಿ ಆಗ್ಯಾದ."

ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದರು. ತಾಳ ಎತ್ತಿಕೊಂಡು, ಅವರೆಲ್ಲರ ಆ ನಿಧಾನಕ್ಕೇ ಹಾಕತೊಡಗಿದರು.