ಹಿಮದ ಊರಲ್ಲಿ ಮಗ್ಗದ ಗಂಟಲು

ದೊಡ್ಡಬಳ್ಳಾಪುರದ ಮಗ್ಗದ ಬೀದೀಲಿ ಸಂಸಾರ ಮಾಡಿದವರ ಮಾನ ಹೋಗೋದು ಗಂಟಲಿಂದಲೇ. ಮನೆಯೊಳಗೆ ಮಗ್ಗ ಓಡ್ತಿದ್ರೆ ‘ಉಪ್ಪು ಕೊಡಿ’ ಅನ್ನೋದನ್ನೂ ಕಿರುಚಿಯೇ ಹೇಳ್ಬೇಕು. ಮಗ್ಗ ನಿಂತರೂ ಆ ಅಭ್ಯಾಸ ನಿಲ್ಲಲ್ಲ. ನಮ್ಮನೆಯವರು ಗುಟ್ಟು ಹೇಳಿದ್ರೆ ಮೂರನೇ ಮನೆಯವರು ‘ಹೌದಾ!’ ಅಂತಾರೆ. ಇಂಥ ಗಂಡನ್ನ ಕರ್ಕೊಂಡು ಹಿಮ ನೋಡೋಕೆ ಹೊರಟೋಳು ನಾನು. ಏನೂ ಆಗ್ದೆ ವಾಪಸ್ ಬರೋಕಾಗುತ್ತಾ?

೧. ಬೀದಿಗೆಲ್ಲ ಹವಾಮಾನ

ಚಿಕ್ಕಂದಿನಿಂದ ನಂಗೆ ಒಂದೇ ಆಸೆ, ಬೀಳ್ತಿರೋ ಹಿಮಾನ ಅಂಗೈಲಿ ಹಿಡೀಬೇಕು. ಮಂಡಿ ನೋವು ತೋರ್ಸೋಕೆ ಹೋದಾಗ ಡಾಕ್ಟ್ರು, ‘ಬೆಟ್ಟ ಗಿಟ್ಟ ಹತ್ತೋದಿದ್ರೆ ಒಂದು ವರ್ಷದೊಳಗೇ ಹತ್ಬಿಡಿ ತಾಯಿ’ ಅಂದ್ರು. ಇನ್ನು ತಡ ಮಾಡಿದ್ರೆ ಆಸೆ ಹಾಗೇ ಉಳಿಯುತ್ತೆ ಅಂತ ಜನವರಿಗೆ ಮನಾಲಿ ಟಿಕೆಟ್ ಮಾಡ್ಸೇಬಿಟ್ಟೆ.

ಅವತ್ತಿಂದ ನಮ್ಮನೆಯವರು ದಿನಾ ಬೆಳಗ್ಗೆ ಜಗಲಿ ಮೇಲೆ ಕೂತು ಫೋನಲ್ಲಿ ಮನಾಲಿ ಹವಾಮಾನ ಓದೋರು. ‘ಇವತ್ತೂ ಬಿಸ್ಲು ಕಣೇ! ಹಿಮದ ಸುಳಿವೇ ಇಲ್ಲ!’ ಅಡುಗೆಮನೇಲಿದ್ದ ನಂಗೆ ಹೇಳ್ತಿದ್ದಿದ್ದು, ಕೇಳ್ತಿದ್ದಿದ್ದು ಇಡೀ ಬೀದಿಗೆ. ಹೊರಡೋ ಹಿಂದಿನ ದಿನ ಹಾಲಿನವನು ಬಾಗಿಲಲ್ಲಿ ನಿಂತು ಕೇಳಿದ: ‘ಅಕ್ಕಾ, ಮನಾಲೀಲಿ ಇನ್ನೂ ಹಿಮ ಬಿದ್ದಿಲ್ವಂತೆ. ನಾಳೆಯಿಂದ ಹಾಲು ನಿಲ್ಲಿಸ್ಲೋ, ಇನ್ನೆರಡು ದಿನ ನೋಡೋಣ್ವೋ?’

೨. ಪಕ್ಕದೂರಿನ ಮಂಜು

ಬೆಳಗ್ಗೆ ಎದ್ದು ದೇವನಹಳ್ಳಿ ಕಡೆ ಹೊರಟ್ರೆ ದಾರಿಯುದ್ದಕ್ಕೂ ಮಂಜು. ಮುಂದಿನ ಲಾರಿ ಹಾಳಾಗ್ಲಿ, ನಮ್ಮ ಕಾರಿನ ಮೂತೀನೇ ಕಾಣ್ತಿಲ್ಲ. ವಿಮಾನ ನಿಲ್ದಾಣದಲ್ಲಿ ನೋಡಿದ್ರೆ ಎಲ್ಲಾ ವಿಮಾನನೂ ತಡ.

‘ದಿನಾ ಹಿಮಾಲಯದ ಹವಾಮಾನ ಓದಿದ್ರಲ್ಲ, ದೇವನಹಳ್ಳೀದು ಒಂದ್ಸಲ ನೋಡ್ಬಾರ್ದಿತ್ತಾ?’ ಅಂದೆ.

‘ಪಕ್ಕದೂರಿಂದು ಯಾರಾದ್ರೂ ಫೋನಲ್ಲಿ ನೋಡ್ತಾರೇನೇ!’ ಅಂತ ನಂಗೇ ಬೈದ್ರು.

ಅಷ್ಟರಲ್ಲಿ ನಮ್ಮ ವಿಮಾನದ ಪೈಲಟ್ ಬಂದ. ಎಳೇ ಮುಖ. ಇವರು ನನ್ನ ಕಿವಿ ಹತ್ರ ಬಗ್ಗಿ, ಗುಟ್ಟಾಗಿ, ‘ಲೇ, ಇವನಿಗೆ ಮೀಸೇನೇ ಚಿಗುರಿಲ್ಲ, ಈ ಮಂಜಲ್ಲಿ ಏನು ಹಾರಿಸ್ತಾನೆ?’ ಅಂದ್ರು. ಕೂತಿದ್ದವರೆಲ್ಲ ತಿರುಗಿದ್ರು. ಪೈಲಟ್ಟೂ ತಿರುಗಿದ. ಕನ್ನಡದೋನೇ.

‘ಬೆಳಗ್ಗೆ ಬೋಳಿಸ್ಕೊಂಡು ಬಂದೆ ಸಾರ್. ಮಂಜು ಕರಗೋಷ್ಟರಲ್ಲಿ ಬೆಳೆದಿರುತ್ತೆ ಬಿಡಿ’ ಅಂದ.

೩. ಒಣ ಬೆಟ್ಟ, ಓಡೋ ಮಗ್ಗ

ದೆಹಲಿವರೆಗೆ ಹಾರಿ, ಅಲ್ಲಿಂದ ಬಸ್ಸಲ್ಲಿ ಮೈಕೈ ನೋಯಿಸ್ಕೊಂಡು ಮನಾಲಿ ಸೇರಿದ್ರೆ ಒಂದು ಹಿಡಿ ಹಿಮ ಇಲ್ಲ. ಬೆಟ್ಟಗಳು ನಮ್ಮ ತೂಬಗೆರೆ ಕಡೆ ಗುಡ್ಡದ ಥರ ಒಣಗಿ ನಿಂತಿವೆ. ಇಷ್ಟು ದೂರ ಇದಕ್ಕಾ ಬಂದಿದ್ದು ಅಂತ ಸಂಕಟ ಆಗಿ, ಹೋಟೆಲ್ ರೂಮಿನ ಕಿಟಕಿ ಹತ್ರ ನಿಂತು ಅತ್ತೇಬಿಟ್ಟೆ. ‘ಹೊರಡೋಕೆ ಇನ್ನೂ ಎರಡು ದಿನ ಇದೆ, ಬೀಳುತ್ತೆ ಸುಮ್ನಿರು’ ಅಂತ ಧೈರ್ಯ ಹೇಳಿ ಇವರು ಮಧ್ಯಾಹ್ನದ ನಿದ್ದೆಗೆ ಹೋದ್ರು.

ಮಗ್ಗದ ಸದ್ದಿಲ್ದೆ ಇವರಿಗೆ ನಿದ್ದೆ ಬರಲ್ಲ. ಅದನ್ನ ಊರಿಂದಲೇ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದಿದ್ರು. ಜೋರಾಗಿ ಹಾಕ್ಕೊಂಡು ಗೊರಕೆ ಹೊಡೆದ್ರು. ಸ್ವಲ್ಪ ಹೊತ್ತಿಗೆ ಹೋಟೆಲಿನವನು ಸ್ಪಾನರ್ ಹಿಡ್ಕೊಂಡು ಬಂದ. ‘ನೀರಿನ ಮೋಟಾರು ಸದ್ದು ಮಾಡ್ತಿದೆ, ಎಲ್ಲಿ?’ ನಂಗೆ ಬರೋ ಮುರುಕು ಹಿಂದೀಲಿ ಮಗ್ಗ, ಸೀರೆ, ನಿದ್ದೆ ಎಲ್ಲಾ ವಿವರಿಸಿದೆ. ನಂಬಬೇಕಲ್ಲ ಪುಣ್ಯಾತ್ಮ! ಬಾತ್‌ರೂಮಿನ ನಲ್ಲಿಗಳನ್ನೆಲ್ಲ ಬಿಗಿ ಮಾಡೇ ಹೋದ.

೪. ಕಿವಿಮಾತು

ಕೊನೇ ದಿನ ಟ್ಯಾಕ್ಸಿಯವನು ಓಡಿಬಂದ. ‘ಮೇಲೆ ಹಿಮ ಬೀಳ್ತಿದೆ, ಬೇಗ ಹತ್ತಿ!’ ದಾರೀಲಿ ಒಂದು ಎಚ್ಚರಿಕೆ ಬೇರೆ: ‘ಅಲ್ಲಿ ಮೆತ್ತಗೆ ಮಾತಾಡ್ಬೇಕು. ಸದ್ದಾದ್ರೆ ಹಿಮ ಜಾರುತ್ತೆ.’ ತಮಾಷೆಗಂದ್ನೋ ನಿಜವೋ, ನಾನಂತೂ ಇವರ ಬಾಯಿಗೆ ಮಫ್ಲರ್ ಬಿಗಿದೆ.

ಮೇಲೆ ಒಂದು ತಗಡಿನ ಚಾ ಅಂಗಡಿ. ಸುತ್ತ ಬಿಳಿ ಬಿಟ್ರೆ ಏನೂ ಕಾಣಲ್ಲ. ಮಂಡಿ ಹಿಡ್ಕೊಂಡು ಇಳಿದು ಅಂಗೈ ಚಾಚಿದೆ. ಹೂವಿನಂಥ ಒಂದು ಚೂರು ಹಿಮ ಬಂದು ಕೂತ್ಕೊಂತು. ಎಷ್ಟು ಸಂತೋಷ ಆಯ್ತು ಅಂದ್ರೆ ನಗ್ತಾ ನಗ್ತಾ ಅತ್ತೆ.

ಅದನ್ನ ನೋಡಿ ಇವರಿಗೆ ಏನಾಯ್ತೋ ಏನೋ. ಮದುವೆಯಾದಾಗಿಂದ ಒಂದು ಒಳ್ಳೇ ಮಾತು ಆಡಿದ ಮನುಷ್ಯ ಅಲ್ಲ. ಮಫ್ಲರ್ ಸರಿಸಿ, ಅಂಗಡಿ ಸೂರಿನ ಅಂಚಲ್ಲಿ ನಿಂತು ನನ್ನ ಕಿವಿಗೆ ಬಾಯಿಟ್ಟು, ತಮ್ಮ ಲೆಕ್ಕದಲ್ಲಿ ಪಿಸುಗುಟ್ಟಿದ್ರು: ‘ಲೇ, ಮದುಮಗಳ ಥರ ಕಾಣ್ತಿದ್ದೀಯ ಕಣೇ!’

ದಢಾರ್! ತಗಡಿನ ಮೇಲಿದ್ದ ಹಿಮ ಅಷ್ಟೂ ಜಾರಿ ಇವರ ತಲೆ ಮೇಲೆ. ಟ್ಯಾಕ್ಸಿಯವನು ಚಾ ಲೋಟ ಬಿಸಾಕಿ ಓಟ. ಹಿಮದ ಗುಡ್ಡೆಯಿಂದ ಇವರ ಮಂಕಿ ಟೋಪಿ ಮೇಲೇಳ್ತು.

ಆಗ ಆಚೆ ಇಳಿಜಾರಿಂದ, ಮುಖ ಕಾಣದ ಯಾವ್ದೋ ಹೆಂಗಸಿನ ದನಿ ಅಚ್ಚ ನಮ್ಮ ಕಡೆ ಕನ್ನಡದಲ್ಲೇ ಕೂಗ್ತು: ‘ಅಣ್ಣಾ, ಇನ್ನೊಂದ್ಸಲ ಹೇಳಿ, ನಮ್ಮ ಯಜಮಾನ್ರೂ ಕಲ್ತ್ಕೊಳ್ಲಿ!’